ಆರು ಬಿಲ್ಲೆಗಳ ಬಾಗು

ಮಾರ್ಚ್ 3

ಬಿಲ್ಲೆ ಡಾಕ್ಟರಮ್ಮನವರಿಗೆ,

ವಂದನೆಗಳು. ನಾನು ಕನ್ನಡಕದ ಅಂಗಡಿ ಇಟ್ಟುಕೊಂಡಿರುವವನು. ಹಳೆಯ ಜೂಜಿನ ಬಿಲ್ಲೆಗಳನ್ನು ಕೂಡಿಡುವ ಒಬ್ಬ ಗಿರಾಕಿ ನಿಮ್ಮ ವಿಳಾಸ ಕೊಟ್ಟ. "ಬಿಲ್ಲೆ ಬಾಗಿದ್ರೆ ಅವರೊಬ್ರೇ ಗತಿ. ಆದ್ರೆ ನಾಲಿಗೆ ಸ್ವಲ್ಪ ಚುರುಕು, ತಡ್ಕೋಬೇಕು" ಎಂದು ಎಚ್ಚರಿಕೆಯನ್ನೂ ಕೊಟ್ಟ. ದಿನವಿಡೀ ಜನರ ಕಣ್ಣು ಸರಿಯಿಲ್ಲ ಎಂದು ಹೇಳಿ ಬೈಸಿಕೊಳ್ಳುವವನು ನಾನು. ತಡೆದುಕೊಳ್ಳುತ್ತೇನೆ.

ಇದರ ಜೊತೆಗಿರುವ ಡಬ್ಬಿಯಲ್ಲಿ ನಲವತ್ತೆರಡು ಬಿಲ್ಲೆಗಳಿವೆ. ಬಟ್ಟೆಯ ಸಣ್ಣ ಗಂಟಿನಲ್ಲಿ ಇನ್ನೂ ಆರಿವೆ. ಎಲ್ಲವೂ ಜೇಡಿಮಣ್ಣಿಗೆ ಅರಗು ಬೆರೆಸಿ ಒತ್ತಿದವು, ಕಿತ್ತಳೆ ಬಣ್ಣದ ಅಂಚಿನವು. ಈಗ ಮುಚ್ಚಿಹೋಗಿರುವ ಕ್ಲಬ್ಬಿನಲ್ಲಿ ನನ್ನ ತಂದೆ ಇಪ್ಪತ್ತಾರು ವರ್ಷ ಇಸ್ಪೀಟಿನ ಎಲೆ ಹಂಚಿದರು. ಅವರ ಕೈಚಳಕ ನೋಡುವುದಕ್ಕೆಂದೇ ಜನ ಸೋಲಲು ಬರುತ್ತಿದ್ದರಂತೆ. ಕಳೆದ ವರ್ಷ ತೀರಿಕೊಂಡರು. ಅಟ್ಟದ ಮೇಲೆ ಈ ಡಬ್ಬಿ ಸಿಕ್ಕಿತು.

ಕ್ಲಬ್ಬಿನ ಕಟ್ಟಡ ಈಗ ವಸ್ತುಸಂಗ್ರಹಾಲಯವಾಗುತ್ತಿದೆ. ಜೂನ್ ಇಪ್ಪತ್ತಕ್ಕೆ ಬಾಗಿಲು ತೆರೆಯುತ್ತಾರೆ. ಒಳಗೆ ಕಾಲಿಟ್ಟರೆ ಒಂದು ಉದ್ದನೆಯ ಗೋಡೆ, ಅದರ ಮೇಲೆ ಅಲ್ಲಿ ದುಡಿದವರೆಲ್ಲರ ಹೆಸರು. ತಂದೆಯವರಿಗೆ ಪ್ರತ್ಯೇಕವಾಗಿ ಒಂದು ಗಾಜಿನ ಪೆಟ್ಟಿಗೆಯನ್ನೇ ಕೊಟ್ಟಿದ್ದಾರೆ. ಅದರಲ್ಲಿ ಈ ಬಿಲ್ಲೆಗಳನ್ನು ಇಡಬೇಕು. ಆದರೆ ಮೇಜಿನ ಮೇಲಿಟ್ಟರೆ ತೊಟ್ಟಿಲಿನ ಹಾಗೆ ಆಡುತ್ತವೆ. ಚಪ್ಪಟೆ ಮಾಡಿಕೊಟ್ಟರೆ ಉಪಕಾರವಾಗುತ್ತದೆ.

ವಿಶ್ವಾಸಿ,
ಕನ್ನಡಕದಂಗಡಿಯವನು


ಮಾರ್ಚ್ 14

ಕನ್ನಡಕದಂಗಡಿಯವರಿಗೆ,

ಡಬ್ಬಿ ಬಂತು. ಪುಣ್ಯಕ್ಕೆ ಹತ್ತಿ ತುಂಬಿ ಕಳಿಸಿದ್ದೀರಿ. ಕೆಲವರು ಹಳೇ ಕಾಲುಚೀಲದಲ್ಲಿ ಕಟ್ಟಿ ಕಳಿಸುತ್ತಾರೆ, ಮೂಗು ಮುಚ್ಚಿಕೊಂಡು ಬಿಚ್ಚಬೇಕಾಗುತ್ತದೆ.

ಕೆಲಸ ಹೇಗೆ ಅಂತ ಹೇಳಿಬಿಡುತ್ತೇನೆ, ಆಮೇಲೆ ದಿನಕ್ಕೊಂದು ಕಾಗದ ಬರೆದು ಅವಸರ ಮಾಡಬೇಡಿ. ಎರಡು ದಪ್ಪ ಗಾಜು, ನಡುವೆ ಬಿಲ್ಲೆ, ಮೇಲೆ ತೂಕ. ಬೆಚ್ಚಗಿನ ಪೆಟ್ಟಿಗೆಯಲ್ಲಿ ಒಂದೊಂದು ಸರದಿಗೆ ಒಂಬತ್ತು ದಿನ. ಬಿಸಿ ಮೆಲ್ಲಗೆ ಏರಬೇಕು, ಅದಕ್ಕಿಂತ ಮೆಲ್ಲಗೆ ಇಳಿಯಬೇಕು. ಆತುರ ಬಿದ್ದರೆ ಬಿಲ್ಲೆ ಬಿಸ್ಕತ್ತಿನ ಹಾಗೆ ಸೀಳುತ್ತದೆ. ನಾನಿರುವುದು ಲಾಂಡ್ರಿಯ ಮೇಲಿನ ಕೋಣೆಯಲ್ಲಿ. ಕೆಳಗಿನ ಹಬೆಯಿಂದ ನೆಲ ಯಾವಾಗಲೂ ಬೆಚ್ಚಗಿರುತ್ತದೆ, ಅರ್ಧ ಕೆಲಸ ಅದೇ ಮಾಡುತ್ತದೆ.

ಗಾಜಿನ ನಡುವೆ ಇಡುವ ಮೊದಲು ಕಂಡದ್ದನ್ನು ಬರೆದು ತಿಳಿಸುವುದು ನನ್ನ ಪದ್ಧತಿ. ಬಾಗಿದ ಬಿಲ್ಲೆಯ ಫೋಟೋಗಳನ್ನೂ ತೆಗೆದಿಟ್ಟುಕೊಂಡಿದ್ದೇನೆ. ಅಟ್ಟದ ಸೆಕೆಗೆ ಬಾಗಿದ ಬಿಲ್ಲೆಗಳು ಒಂದೊಂದು ಒಂದೊಂದು ದಿಕ್ಕಿಗೆ ಮುಖ ತಿರುಗಿಸಿರುತ್ತವೆ, ಜಗಳವಾಡಿದ ನೆಂಟರ ಹಾಗೆ. ನಿಮ್ಮ ನಲವತ್ತೆರಡೂ ಒಂದೇ ಕಡೆಗೆ, ಒಂದೇ ಅಳತೆಗೆ ಬಾಗಿವೆ. ಒಂದರ ಬೆನ್ನಿನ ಮೇಲೆ ಸಣ್ಣ ಮೊಳೆಯ ಗುರುತಿದೆ. ಇವು ಬೂಟಿನೊಳಗೆ, ಅಂಗಾಲಿನ ಹಳ್ಳದ ಕೆಳಗೆ ಕೂತು ಓಡಾಡಿದ ಬಿಲ್ಲೆಗಳು. ಬಲಗಾಲು. ಅಂಗಾಲು ಬಹಳ ಎತ್ತರ ಇದ್ದ ಮನುಷ್ಯನದು.

ಗಂಟಿನಲ್ಲಿದ್ದ ಆರು ಹೆಚ್ಚು ಕೊಳೆಯಾಗಿದ್ದವು, ಅವನ್ನು ಮೊದಲು ತೊಳೆದೆ. ಎಣ್ಣೆ ಜಿಡ್ಡು, ಅಂಚಿನಲ್ಲಿ ಜೋಡಿ ಜೋಡಿ ಗೀರು. ಇವುಗಳ ಬಾಗು ಬೇರೆ, ಬಟ್ಟಲಿನ ಹಾಗೆ ಸುತ್ತಲೂ ಇದೆ. ಬೂಟಿನ ಮೂತಿಯಲ್ಲಿ ತುರುಕಿದ್ದಿರಬೇಕು. ಎಣ್ಣೆ ಬೂಟಿನ ಪಾಲಿಶಿನದು.

ಒಂದು ಪ್ರಶ್ನೆ. ಕಿತ್ತಳೆ ಅಂಚಿನ ಬಿಲ್ಲೆ ಚಲಾವಣೆಯಲ್ಲಿದ್ದ ವರ್ಷ ನಿಮ್ಮ ತಂದೆ ಯಾವ ಪಾಳಿಯಲ್ಲಿ, ಯಾವ ಮೇಜಿನಲ್ಲಿದ್ದರು?

ಬಿ. ಡಾ.


ಮಾರ್ಚ್ 22

ಡಾಕ್ಟರಮ್ಮನವರಿಗೆ,

ನಿಮ್ಮ ಕಾಗದ ಓದಿ ಬೆರಗಾದೆ. ನಾನು ಕಣ್ಣು ನೋಡಿ ನಂಬರ್ ಹೇಳಿದರೆ ನೀವು ಬಿಲ್ಲೆ ನೋಡಿ ಕಾಲು ಹೇಳುತ್ತೀರಿ! ತಂದೆಯವರ ಅಂಗಾಲು ನಿಜಕ್ಕೂ ಎತ್ತರ. ಬೂಟನ್ನು ಹೇಳಿ ಹೊಲಿಸುತ್ತಿದ್ದರು. ದಿನವಿಡೀ ನಿಲ್ಲುವ ಕೆಲಸ, ಕಾಲಿಗೆ ಆಸರೆಯಾಗಲೆಂದು ಯಾರೋ ಕೊಟ್ಟ ಬಿಲ್ಲೆ ಇಟ್ಟುಕೊಂಡಿರಬಹುದು. ಗಿರಾಕಿಗಳು ಅವರಿಗೆ ನೆನಪಿಗೆಂದು ಏನೇನೋ ಕೊಡುತ್ತಿದ್ದರು.

ಆ ವರ್ಷ ಮಧ್ಯಾಹ್ನದ ಪಾಳಿ, ಕಿಟಕಿಯ ಪಕ್ಕದ ದೊಡ್ಡ ಮೇಜು. ಗಾಜಿನ ಪೆಟ್ಟಿಗೆಯ ಪಕ್ಕದಲ್ಲಿ ಅಂಟಿಸುವ ಟಿಪ್ಪಣಿಗೆ ಈ ವಿವರವೂ ಬೇಕು ಅಂತ ತಾನೇ ಕೇಳಿದ್ದು? ಹಾಗಿದ್ದರೆ ಇದನ್ನೂ ಸೇರಿಸಿ: ಅವರು ಎಲೆ ಕಲೆಸುವಾಗ ಸದ್ದೇ ಬರುತ್ತಿರಲಿಲ್ಲ. ಮನೆಯಲ್ಲಿ ನಮಗೆ ಊಟ ಬಡಿಸುವಾಗಲೂ ಹಾಗೆಯೇ, ತಟ್ಟೆ ಸದ್ದಿಲ್ಲದೆ ಎದುರಿಗೆ ಬಂದಿರುತ್ತಿತ್ತು.

ಆ ಆರನ್ನು ಸ್ವಲ್ಪ ಜೋಪಾನ ಮಾಡಿ. ಅವು ಮಿಕ್ಕವುಗಳ ಹಾಗಲ್ಲ ಎಂದು ನನಗೂ ಅನ್ನಿಸಿತ್ತು. ಕೆಲಸ ಬೇಗ ಮುಗಿದರೆ ಒಳ್ಳೆಯದು, ಸಂಗ್ರಹಾಲಯದ ಸಮಿತಿಯವರು ವಾರಕ್ಕೆರಡು ಸಲ ವಿಚಾರಿಸುತ್ತಿದ್ದಾರೆ.

ವಿಶ್ವಾಸಿ,
ಕ. ಅಂ.


ಏಪ್ರಿಲ್ 2

ಕನ್ನಡಕದಂಗಡಿಯವರಿಗೆ,

ಟಿಪ್ಪಣಿಗಾಗಿ ಕೇಳಲಿಲ್ಲ. ಕೇಳಿದ್ದು ನನ್ನ ಅಮ್ಮನಿಗಾಗಿ.

ಅಮ್ಮ ಆ ಕ್ಲಬ್ಬಿನಲ್ಲಿ ಬಿಲ್ಲೆ ಎಣಿಸುವ ಕೋಣೆಯಲ್ಲಿದ್ದಳು. ಜೇಬಿಲ್ಲದ ಸಮವಸ್ತ್ರ, ಮೊಣಕೈಯವರೆಗೆ ಮಡಿಸಿದ ತೋಳು. ಮೂವತ್ತೆಂಟು ವರ್ಷದ ಹಿಂದೆ ಕಿತ್ತಳೆ ಅಂಚಿನ ನಲವತ್ತೆಂಟು ಬಿಲ್ಲೆ ಕಾಣೆಯಾದವು. ಮ್ಯಾನೇಜರನ ಕೋಣೆಯಲ್ಲಿ ಅರ್ಧ ದಿನ ನಿಲ್ಲಿಸಿ, ಹೆದರಿಸಿ, ಅವಳ ಬಾಯಿಂದಲೇ ತಾನು ಕದ್ದೆ ಎಂದು ಹೇಳಿಸಿದರು. ಆ ಸರಣಿಯ ಬಿಲ್ಲೆಗಳನ್ನೆಲ್ಲ ಪುಡಿ ಮಾಡಿಸಿ ಹೊಸದು ತಂದರು. ಅಮ್ಮನನ್ನು ಹೊರಗೆ ಹಾಕಿದರು. ಆಗ ನನಗೆ ಏಳು ವರ್ಷ. ಅಪ್ಪ ತಿಂಗಳೊಳಗೆ ಮನೆ ಬಿಟ್ಟ. "ಕಳ್ಳಿ ಮಗಳು ಬಂದ್ಲು, ಪೆನ್ಸಿಲ್ ಎತ್ತಿಟ್ಕೊಳ್ರೋ" ಅನ್ನುವುದನ್ನು ಕೇಳುತ್ತ ಶಾಲೆ ಮುಗಿಸಿದೆ. ಎರಡು ದಿನದ ರೈಲು ದಾರಿ ದೂರ ಬಂದು, ಈ ಲಾಂಡ್ರಿಯಲ್ಲಿ ಇಸ್ತ್ರಿ ಒತ್ತಿ ಅಮ್ಮ ನನ್ನನ್ನು ಸಾಕಿದಳು. ಈಗ ಎದ್ದು ಓಡಾಡಲಾರಳು, ನನ್ನ ಕೆಲಸದ ಮೇಜಿನ ಹಿಂದಿನ ಮಂಚದಲ್ಲಿದ್ದಾಳೆ.

ನಲವತ್ತೆರಡು ಮತ್ತು ಆರು ಸೇರಿದರೆ ಎಷ್ಟು? ನಿಮ್ಮ ತಂದೆಯ ಅಂಗಾಲು ಎಷ್ಟು ಎತ್ತರ? ಇಷ್ಟು ಸಾಕು ನನಗೆ.

ನಿಮ್ಮ ಸಂಗ್ರಹಾಲಯದ ಗೋಡೆಯ ಬಗ್ಗೆ ನನಗೆ ಮೊದಲೇ ಗೊತ್ತಿತ್ತು. ಸಮಿತಿಗೆ ಬರೆದಿದ್ದೆ. ಕಳವಿಗಾಗಿ ತೆಗೆದುಹಾಕಿದವರ ಹೆಸರನ್ನು ಹಾಕುವುದಿಲ್ಲ ಎಂದು ಒಂದೇ ಸಾಲಿನ ಉತ್ತರ ಬಂತು. ಈಗ ನೀವು ಅವರಿಗೆ ಬರೆಯಿರಿ. ಬಿಲ್ಲೆ ಯಾರ ಮನೆಯಲ್ಲಿ ಸಿಕ್ಕವು, ಯಾರ ಕಾಲಿಗೆ ಬಾಗಿದವು ಎಂದು ಬರೆದು ಸಹಿ ಹಾಕಿ. ನನ್ನ ಫೋಟೋಗಳನ್ನು ನಾನು ಜೊತೆಗೆ ಕೊಡುತ್ತೇನೆ. ಅಲ್ಲಿಯವರೆಗೆ ಒಂದು ಬಿಲ್ಲೆಯೂ ಗಾಜಿನ ನಡುವೆ ಹೋಗುವುದಿಲ್ಲ. ಬಾಗು ಹೋದರೆ ಸಾಕ್ಷಿ ಹೋಗುತ್ತದೆ.

ಅಮ್ಮನಿಗೆ ಹೇಳಿದೆ. ನನ್ನ ಮಣಿಕಟ್ಟು ಹಿಡಿದುಕೊಂಡು, "ಬೇಡ ಕಣೇ, ವಾಪಸ್ ಕಳಿಸಿಬಿಡು, ನನಗೇನೂ ಬೇಡ" ಅಂದಳು. ಇಷ್ಟು ವರ್ಷವಾದರೂ ಆ ಹೆದರಿಕೆ ಹೋಗಿಲ್ಲ. ಅಂಥ ಸಾಧು ಜೀವವನ್ನು ಹೀಗೆ ಹಿಂಡಿದ್ದೀರಿ ನೀವು.

ಬಿ. ಡಾ.


ಏಪ್ರಿಲ್ 19

ಅಮ್ಮಾ,

ಎರಡು ವಾರ ಉತ್ತರ ಬರೆಯದೆ ಇದ್ದುದಕ್ಕೆ ಕ್ಷಮಿಸಿ. ಮೂರು ಸಲ ಬರೆದೆ, ಮೂರು ಸಲ ಹರಿದೆ.

ನಿಮ್ಮ ತಾಯಿಯವರಿಗೆ ಆದದ್ದು ಅನ್ಯಾಯ. ನನ್ನ ತಂದೆ ಒಳ್ಳೆಯವರಾಗಿದ್ದರು ಎಂದು ವಾದಿಸುವುದಿಲ್ಲ. ಗಾಜಿನ ಪೆಟ್ಟಿಗೆ ಬೇಡ ಎಂದು ಸಮಿತಿಗೆ ಹೇಳಿಬಿಡುತ್ತೇನೆ. ಗೋಡೆಯಿಂದ ಅವರ ಹೆಸರನ್ನೂ ತೆಗೆಸುತ್ತೇನೆ, ಕಾರಣ ಕೇಳಿದರೆ ಮನೆಯ ವಿಷಯ ಎನ್ನುತ್ತೇನೆ. ನಿಮ್ಮ ತಾಯಿಯ ಹೆಸರಿಲ್ಲದ ಗೋಡೆಯ ಮೇಲೆ ಅವರದೂ ಬೇಡ. ಇಷ್ಟಕ್ಕೆ ನಿಲ್ಲಿಸೋಣ ಎಂದು ಕೈ ಮುಗಿದು ಕೇಳುತ್ತೇನೆ.

ಬಿಲ್ಲೆಗಳನ್ನು ಇದ್ದ ಹಾಗೆಯೇ ಹಿಂದಕ್ಕೆ ಕಳಿಸಿ. ಕಳಿಸುವ ಮೊದಲು ಆ ಆರನ್ನು ಇನ್ನೊಮ್ಮೆ ಕೈಯಲ್ಲಿ ಹಿಡಿದು ನೋಡಿ. ಮತ್ತು, ತಪ್ಪು ತಿಳಿಯಬೇಡಿ, ನಿಮ್ಮ ತಾಯಿಯವರನ್ನು ಇನ್ನೊಂದು ಸಲ ಕೇಳಿ. ಬೇಡ ಎಂದು ಅವರು ಹೇಳಿದ್ದು ಹೆದರಿಕೆಯಿಂದಲೇ ಇರಬೇಕೆಂದಿಲ್ಲ.

ಕ. ಅಂ.


ಏಪ್ರಿಲ್ 25

ಕಳ್ಳನ ಮಗನಿಗೆ,

ಊರಿಗೆಲ್ಲ ಕನ್ನಡಕ ಹಾಕುವವರು ನೀವು, ನಿಮಗೇ ಒಂದು ಹಾಕಿಕೊಳ್ಳಬಾರದಿತ್ತೇ? ಕಣ್ಣೆದುರಿಗಿರುವುದು ಕಾಣಿಸುತ್ತಿಲ್ಲವಲ್ಲ.

ನಿಮ್ಮ ತಂದೆಯ ಹೆಸರು ಗೋಡೆಯಿಂದ ಸದ್ದಿಲ್ಲದೆ ಇಳಿಯಬೇಕು, ಅವರ ಎಲೆಗಳ ಹಾಗೆ, ಊಟದ ತಟ್ಟೆಯ ಹಾಗೆ. ಅಮ್ಮನ ಹೆಸರಿಗೆ ಮಸಿ ಬಳಿದಾಗ ಸದ್ದಾಗಿತ್ತು. ಬೀದಿಗೆಲ್ಲ ಕೇಳಿಸಿತ್ತು. ನನಗೆ ಅಷ್ಟೇ ಸದ್ದು ಬೇಕು.

ಆರು ಬಿಲ್ಲೆ, ಆರು ಬಿಲ್ಲೆ! ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಬಾಗಿದ್ದನ್ನು ನೋಡುವುದನ್ನು ನೀವು ನನಗೆ ಕಲಿಸಬೇಡಿ. ಬೂಟಿನ ಮೂತಿ ಎಂದು ಹೇಳಿದೆ, ಮುಗಿಯಿತು. ಅಮ್ಮನನ್ನು ಕೇಳು ಅನ್ನುತ್ತೀರಿ. ಕೇಳಿದೆ. ನಿಮ್ಮ ತಂದೆಯ ಮಾತು ಎತ್ತಿದ ಕೂಡಲೇ ಗೋಡೆಗೆ ಮುಖ ಮಾಡಿದಳು. ನಾಲ್ಕು ದಿನದಿಂದ ತುತ್ತು ಇಳಿಯುತ್ತಿಲ್ಲ. ತಲೆ ಬಾಚಲು ಹೋದರೂ ಕೈ ತಳ್ಳುತ್ತಾಳೆ. ಇಷ್ಟು ವರ್ಷ ಕಾದದ್ದು ಕೈಗೆ ಬರುವ ಹೊತ್ತಿಗೆ ಯಾರಿಗಾದರೂ ಹೀಗೇ ಆಗುತ್ತದೆ. ಗೋಡೆಯ ಮೇಲೆ ತನ್ನ ಹೆಸರಿನ ಫೋಟೋ ನೋಡಿಯೇ ಅವಳು ಕಣ್ಣು ಮುಚ್ಚಬೇಕು, ಹಾಗೆಂದು ನಾನು ನಿಶ್ಚಯಿಸಿದ್ದೇನೆ.

ಮೇ ಹದಿನೈದರೊಳಗೆ ಸಹಿ ಮಾಡಿದ ಕಾಗದ ಬರದಿದ್ದರೆ ಫೋಟೋಗಳನ್ನು ಸಮಿತಿಗಷ್ಟೇ ಅಲ್ಲ, ನಿಮ್ಮ ಬೀದಿಯ ಒಂದೊಂದು ಅಂಗಡಿಗೂ ಕಳಿಸುತ್ತೇನೆ. ನಿಮ್ಮ ಮಗಳ ಮದುವೆ ಗೊತ್ತಾಗಿದೆ ಎಂದು ನಿಮ್ಮ ಆ ಗಿರಾಕಿಯೇ ಹೇಳಿದ. ಗಂಡಿನ ಮನೆಯವರ ವಿಳಾಸವನ್ನೂ ಕೊಟ್ಟಿದ್ದಾನೆ.

ನಾನು ಬರೀ ಬಾಯಿ ಮಾತಿನವಳಲ್ಲ ಎನ್ನುವುದಕ್ಕೆ ಇದರ ಜೊತೆ ಅರ್ಧ ಬಿಲ್ಲೆ ಇದೆ. ಮೊಳೆಯ ಗುರುತಿದ್ದದ್ದು. ಇಕ್ಕಳದಲ್ಲಿ ಹಿಡಿದು ಮುರಿದೆ. ಎಷ್ಟು ಸಲೀಸಾಗಿ ಮುರಿಯಿತು ಗೊತ್ತೇ?


ಮೇ 11

ಮೇಡಂ,

ಅರ್ಧ ಬಿಲ್ಲೆ ತಲುಪಿತು. ನನ್ನ ಮಗಳೇ ಲಕೋಟೆ ಒಡೆದಳು. ನಿಮ್ಮ ಕಾಗದವನ್ನೂ ಓದಿದಳು. ಆದ್ದರಿಂದ ಮದುವೆಯ ಬೆದರಿಕೆ ಮುಗಿಯಿತು. ಗಂಡಿನ ಮನೆಯವರಿಗೆ ಅವಳೇ ಹೇಳಿದಳು, ಅವರು ಯೋಚಿಸಿ ತಿಳಿಸುತ್ತೇವೆ ಎಂದರು, ಇನ್ನೂ ತಿಳಿಸಿಲ್ಲ. ಇನ್ನು ನಾನು ಮುಚ್ಚಿಡಬೇಕಾದ್ದು ಏನೂ ಇಲ್ಲ. ಯಾರೋ ಕೊಟ್ಟ ಬಿಲ್ಲೆ ಎಂದು ಮೊದಲು ಬರೆದದ್ದೂ ಸುಳ್ಳು.

ಆ ಆರು ಬಿಲ್ಲೆ ಬೂಟಿನೊಳಗೆ ಹೋದವುಗಳಲ್ಲ. ಹೆಂಗಸಿನ ತುರುಬಿನೊಳಗೆ ಹೋದವು. ತುರುಬು ದಪ್ಪ ಕಾಣಲೆಂದು ಒಳಗಿಡುವ ಕೂದಲಿನ ಉಂಡೆಗೆ ಒತ್ತಿ, ಪಿನ್ನಿನಿಂದ ಬಿಗಿದಿದ್ದರು. ಆ ಉಂಡೆಯ ಸಮೇತ ನಮ್ಮ ಅಟ್ಟದಲ್ಲಿ ಮೂವತ್ತೆಂಟು ಬೇಸಿಗೆ ಕಳೆದು ಅದರ ಆಕಾರಕ್ಕೆ ಬಾಗಿದವು. ಅಂಚಿನ ಜೋಡಿ ಗೀರು ಪಿನ್ನಿನವು. ನೀವು ತೊಳೆದದ್ದು ಪಾಲಿಶನ್ನಲ್ಲ, ತಲೆಗೆ ಹಚ್ಚುವ ಎಣ್ಣೆಯನ್ನು. ನಿಮಗೆ ಕಳಿಸುವ ಮೊದಲು ಉಂಡೆಯನ್ನು ನಾನು ಬಿಡಿಸಿಟ್ಟುಕೊಂಡಿದ್ದೆ, ಯಾರದೋ ಮಾನ ಎಂದು. ಏಪ್ರಿಲ್‌ನ ನಿಮ್ಮ ಕಾಗದ ಬಂದ ಮೇಲೆ ಯಾರದೆಂದು ಗೊತ್ತಾಯಿತು.

ಉಂಡೆಯ ಜೊತೆ ಒಂದು ಚೀಟಿಯಿತ್ತು. ಅದರಲ್ಲಿರುವುದು ಇಷ್ಟೇ: "ಈ ಆರೇ ಕೊನೆಯವು. ಇವತ್ತು ತಲೆ ಮುಟ್ಟಿ ನೋಡಿದರು, ಸಿಗಲಿಲ್ಲ. ಕೋಣೆಯಿಂದ ನಿಮ್ಮ ಮೇಜಿಗೆ ಕಳಿಸಿದ್ದೆಲ್ಲ ನಿಮ್ಮ ಬೂಟಿನಲ್ಲಿ ಹೋಯಿತಲ್ಲ, ಅದು ಯಾರಿಗೂ ಗೊತ್ತಿಲ್ಲ. ನಾಳೆ ಕೇಳಿದರೆ ನಾನೊಬ್ಬಳೇ ಅನ್ನುತ್ತೇನೆ. ನೀವು ಸುಮ್ಮನಿರಿ. ಆಮೇಲೆ ನನ್ನನ್ನೂ ಮಗಳನ್ನೂ ಕರೆದುಕೊಂಡು ಹೋಗುವ ಮಾತು ಮರೆಯಬೇಡಿ."

ಚೀಟಿಯನ್ನೂ ಉಂಡೆಯನ್ನೂ ಇದರ ಜೊತೆ ಇಟ್ಟಿದ್ದೇನೆ. ನಕಲು ಮಾಡಿಟ್ಟುಕೊಂಡಿಲ್ಲ, ಅದು ನಿಮ್ಮ ಮನೆಯದು. ಅಕ್ಷರ ಯಾರದೆಂದು ನೀವೇ ನೋಡಿಕೊಳ್ಳಿ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನೀವು ನನ್ನ ಮಗಳವರೆಗೆ ಬಂದಿರಿ, ಆದ್ದರಿಂದ ಇದನ್ನೂ ಕೇಳಿ. ಆಸ್ಪತ್ರೆಯಲ್ಲಿ, ತೀರಿಕೊಳ್ಳುವ ವಾರ, ತಂದೆ ಇದನ್ನೆಲ್ಲ ಹೇಳಿದರು. ಪಶ್ಚಾತ್ತಾಪದಿಂದಲ್ಲ, ತಮಾಷೆಯ ಕಥೆಯ ಹಾಗೆ. "ಎಣಿಸೋ ಕೋಣೇಲಿ ಒಬ್ಬಳಿದ್ದಳು, ನನ್ನ ಮೇಲೆ ಪ್ರಾಣ ಇಟ್ಕೊಂಡಿದ್ದಳು. ಎಲ್ಲಾ ತನ್ನ ಮೇಲೇ ಹಾಕ್ಕೊಂಡ್ಲು ನೋಡು" ಎಂದು ನಕ್ಕರು. ಹೆಸರೇನು ಅಪ್ಪಾ ಎಂದು ಕೇಳಿದೆ. ತುಂಬ ಹೊತ್ತು ಯೋಚಿಸಿ, "ಏನೋ ಇತ್ತಪ್ಪ, ನೆನಪಾಗ್ತಿಲ್ಲ" ಎಂದರು.

ಈಗ ಹೇಳಿ, ಸಮಿತಿಗೆ ಏನು ಬರೆಯಲಿ? ಇಬ್ಬರ ವಿಷಯವನ್ನೂ ಬರೆಯುತ್ತೇನೆ, ಇಲ್ಲವೇ ಯಾರದನ್ನೂ ಬರೆಯುವುದಿಲ್ಲ.


ಜೂನ್ 4

ಕನ್ನಡಕದಂಗಡಿಯವರಿಗೆ,

ಅಕ್ಷರ ಅಮ್ಮನದೇ. ಲಾಂಡ್ರಿಯ ಬಟ್ಟೆಗಳ ಮೇಲೆ ಗುರುತು ಬರೆಯುತ್ತಿದ್ದ ಅದೇ ದುಂಡು ಅಕ್ಷರ. ಉಂಡೆಯ ಕೂದಲು ಕಡುಗಪ್ಪು. ಈಗ ಅವಳ ತಲೆಯಲ್ಲಿ ಅಂಥದ್ದು ಒಂದೆಳೆಯೂ ಇಲ್ಲ. ಅದನ್ನು ಕೈಯಲ್ಲಿ ಹಿಡಿದು ಅರ್ಧ ಬೆಳಗು ಕೂತಿದ್ದೆ. ಆಮೇಲೆ ಎರಡನ್ನೂ ಕೆಳಗೆ ಒಯ್ದು, ಲಾಂಡ್ರಿಯ ನೀರು ಕಾಯಿಸುವ ಒಲೆಗೆ ಹಾಕಿದೆ.

ಆರು ಬಿಲ್ಲೆಗಳನ್ನು ಗಾಜಿನ ನಡುವೆ ಇಟ್ಟೆ. ಒಂಬತ್ತು ದಿನದ ಬದಲು ಹದಿನೆಂಟು ದಿನ. ಅಂಚಿನ ಗೀರುಗಳನ್ನು ಅದೇ ಬಣ್ಣದ ಮೇಣದಿಂದ ತುಂಬಿದೆ. ಈಗ ಕನ್ನಡಿಯ ಮೇಲೆ ಇಟ್ಟರೆ ಕೂದಲೆಳೆಯಷ್ಟೂ ಬೆಳಕು ಕೆಳಗೆ ನುಸುಳುವುದಿಲ್ಲ. ನನ್ನ ಕೈಯಿಂದ ಆದ ಅತ್ಯುತ್ತಮ ಕೆಲಸ ಇದು. ಇವು ಯಾರ ತಲೆಯಲ್ಲಿದ್ದವು ಎಂದು ಇನ್ನು ಯಾವ ಮಗನೂ ಹೇಳಲಾರ. ನಿಮ್ಮ ತಂದೆಯ ಕಾಲಿನವು ಬಾಗಿದ ಹಾಗೆಯೇ ಇವೆ. ಅವುಗಳ ಫೋಟೋಗಳು ನಿನ್ನೆ ಸಮಿತಿಗೆ ಹೋದವು.

ನೀವು ಹೇಳಿದ ಎರಡೂ ಬೇಡ, ಮೂರನೆಯದನ್ನು ಬರೆಯುತ್ತೀರಿ. ತಂದೆ ಒಬ್ಬನೇ ಕದ್ದ, ಎಣಿಸುವ ಕೋಣೆಯ ಹೆಂಗಸಿಗೆ ಏನೂ ಗೊತ್ತಿರಲಿಲ್ಲ ಎಂದು. ನಿಜ ಬರೆಯುತ್ತೇನೆ ಎಂದರೆ ಬರೆಯಿರಿ. ಕಳ್ಳನ ಮಗ ಸತ್ತ ಅಪ್ಪನನ್ನು ಉಳಿಸಲು ಹಾಸಿಗೆ ಹಿಡಿದ ಮುದುಕಿಯ ಮೇಲೆ ಕೆಸರೆರಚುತ್ತಿದ್ದಾನೆ ಎನ್ನುತ್ತಾರೆ, ಅಷ್ಟೇ. ನಿಮ್ಮ ಹತ್ತಿರ ಒಂದು ಎಳೆ ಕೂದಲೂ ಇಲ್ಲ. ಒಳ್ಳೆಯತನ ತೋರಿಸಲು ಹೋಗಿ ಮೂಲವನ್ನೇ ಕಳಿಸಿಬಿಟ್ಟಿರಿ. ನಿಮ್ಮ ಸ್ಥಾನದಲ್ಲಿ ನಾನಿದ್ದಿದ್ದರೆ ಕಳಿಸುತ್ತಿರಲಿಲ್ಲ.

ನೀವು ಬರೆಯಬೇಕಾದ ಕಾಗದದ ಕರಡು ಇದರ ಜೊತೆಗಿದೆ. ಇದು ನೀವೇ ಬರೆದು ಕಳಿಸಿದ್ದು ಎಂದು ಹೇಳಿ ಮೊನ್ನೆ ಅಮ್ಮನಿಗೆ ಓದಿ ಹೇಳಿದೆ. ಮುಗಿಯುವವರೆಗೂ ಕೇಳಿದಳು. "ಒಬ್ರೇ ಅಂತ ಬರೆದಿದಾರಾ?" ಅಂದಳು. ಹೌದು ಅಂದೆ. "ಅವರು ಹೋಗೋ ಮುಂಚೆ ನನ್ನ ಹೆಸರೇನಾದ್ರೂ ಹೇಳಿದ್ರಂತಾ?" ಅಂದಳು.

ಹೇಳಿದರಂತೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆ ಒಂದು ಸುಳ್ಳಿಗೆ ನನಗೇನೂ ಖರ್ಚಿರಲಿಲ್ಲ. ಆದರೆ ಏಳು ವರ್ಷದ ನನ್ನನ್ನು ಇವಳು ಯಾರಿಗೋಸ್ಕರ ಬೀದಿಗೆ ನಿಲ್ಲಿಸಿದಳು ಎಂದು ಆ ಕ್ಷಣ ಅರ್ಥವಾಯಿತು. "ನಿನ್ನ ಹೆಸರು ಮರೆತುಹೋಗಿತ್ತಂತೆ ಅಮ್ಮ. ಎಷ್ಟು ಯೋಚಿಸಿದ್ರೂ ನೆನಪಾಗಲಿಲ್ವಂತೆ" ಅಂದೆ.

ಅವಳು ಅಳಲಿಲ್ಲ. ಹೊದಿಕೆಯ ಅಂಚನ್ನು ಇಸ್ತ್ರಿ ಒತ್ತುವವಳ ಹಾಗೆ ಅಂಗೈಯಿಂದ ಸರಿಮಾಡುತ್ತ ಮಲಗಿದ್ದಳು. ಆಮೇಲೆ, "ಹಾಗಾದ್ರೆ ಆ ಗೋಡೆ ಮೇಲೆ ನನ್ನ ಹೆಸರು ಯಾರು ಓದಲಿ ಅಂತ ಬರೆಸ್ತೀಯೇ?" ಅಂದಳು.

"ನಾನು ಓದ್ತೀನಿ" ಅಂದೆ.

ಅವತ್ತಿನಿಂದ ಅವಳು ನನ್ನ ಜೊತೆ ಮಾತಾಡಿಲ್ಲ. ಸಹಿ ಮಾಡಿ ಹತ್ತನೇ ತಾರೀಖಿನೊಳಗೆ ಕಳಿಸಿ, ಹೆಸರು ಕೆತ್ತುವವರಿಗೆ ಒಂದು ವಾರವಾದರೂ ಬೇಕಂತೆ.

ಬಿ. ಡಾ.